ಹುಳಿ ಎರಡು ಸಲ ಬೀಳಬೇಕು: ಮನೆಯ ಓವನ್‌ನಲ್ಲಿ ಕ್ಯೂಬಾದ ಹಂದಿ ರೋಸ್ಟ್

ಕ್ಯೂಬಾದವರ ಹಂದಿ ರೋಸ್ಟ್‌ಗೆ ಹುಳಿ ಎರಡು ಸಲ ಬೀಳಬೇಕು. ಒಮ್ಮೆ ಹಸಿ ಮಾಂಸಕ್ಕೆ, ಹಿಂದಿನ ದಿನವೇ. ಇನ್ನೊಮ್ಮೆ ಬೆಂದ ಮಾಂಸಕ್ಕೆ, ತಟ್ಟೆಗೆ ಹಾಕುವ ಹೊತ್ತಿಗೆ. ತುಂಬಾ ಜನ ಮೊದಲನೆಯದನ್ನು ಶ್ರದ್ಧೆಯಿಂದ ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಆಗ ಮಾಂಸ ಮೆತ್ತಗೆ ಬಂದಿರುತ್ತದೆ, ಘಮವೂ ಇರುತ್ತದೆ, ಆದರೆ ಏನೋ ಕಡಿಮೆ ಅನಿಸುತ್ತದೆ. ನಾನು ಕ್ಯೂಬನ್ನರು ತುಂಬಿರುವ ಅಮೆರಿಕದ ಮಯಾಮಿಯಲ್ಲಿದ್ದ ಮೂರು ವರ್ಷದಲ್ಲಿ ಮೊದಲ ವರ್ಷವಿಡೀ ಇದೇ ತಪ್ಪು ಮಾಡಿದೆ. ಐದು ಗಂಟೆ ಓವನ್‌ನಲ್ಲಿ ಕೂತ ಹಣ್ಣಿನ ರಸದಲ್ಲಿ ಹುಳಿ ಉಳಿದಿರುತ್ತದೆ, ತಾಜಾತನ ಮಾತ್ರ ಹೋಗಿರುತ್ತದೆ. ನಮ್ಮ ಕೊಡಗಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪಂದಿ ಕರಿಗೆ ಕಾಚಂಪುಳಿ ಅನ್ನುವ ಕಪ್ಪು ಹುಳಿ ಹಾಕುವುದು ಮಾಂಸ ಬೆಂದ ಮೇಲೇ ಅಲ್ವಾ?

ಈ ಅಡುಗೆಯ ಹೆಸರು ಲೆಚೋನ್ ಅಸಾದೊ. ಲೆಚೋನ್ ಅಂದರೆ ಹಾಲು ಕುಡಿಯುವ ಹಂದಿಮರಿ, ಅಸಾದೊ ಅಂದರೆ ಸುಟ್ಟದ್ದು. ಡಿಸೆಂಬರ್ 24ರ ರಾತ್ರಿ, ಅವರು ನೋಚೆಬುವೇನಾ ಅನ್ನುವ ಕ್ರಿಸ್‌ಮಸ್ ಹಿಂದಿನ ರಾತ್ರಿ, ಇಡೀ ಹಂದಿಯನ್ನೇ ಸುಡುವ ರೂಢಿ. ಹಳ್ಳಿಗಳಲ್ಲಿ ಕೆಂಡದ ಮೇಲೆ, ಸೀಬೆ ಎಲೆ ಹೊದಿಸಿ ಹೊಗೆಯ ಪರಿಮಳ ಹಿಡಿಸುತ್ತಾರೆ. ಮಯಾಮಿಯಲ್ಲಿ ಕಾಹಾ ಚೀನಾ ಅನ್ನುವ ಪೆಟ್ಟಿಗೆ ಇದೆ. ಒಳಗೆ ಲೋಹದ ತಗಡು ಹೊಡೆದ ಮರದ ಪೆಟ್ಟಿಗೆ. ಮಾಂಸ ಒಳಗಿರುತ್ತದೆ, ಕೆಂಡ ಮುಚ್ಚಳದ ಮೇಲೆ. ಆ ದಿನ ಇಡೀ ಬೀದಿಗೆ ಬೀದಿಯೇ ಬೆಳ್ಳುಳ್ಳಿ ವಾಸನೆ. ಕ್ಯೂಬಾದಲ್ಲಿ 1969ರಲ್ಲಿ ಕ್ರಿಸ್‌ಮಸ್ ರಜೆಯನ್ನು ತೆಗೆದುಹಾಕಿದ್ದರು. ಅದು ಮರಳಿದ್ದು 1997ರಲ್ಲಿ, ಪೋಪ್ ಬರುವ ಮುಂಚೆ. 1990ರ ದಶಕದ ಕಷ್ಟದ ದಿನಗಳಲ್ಲಿ ಹವಾನಾದ ಜನ ಬಚ್ಚಲುಮನೆಯಲ್ಲೇ ಹಂದಿ ಸಾಕಿದ್ದರು. ಆ ಊಟ ಅವರಿಗೆ ಎಷ್ಟು ಮುಖ್ಯ ಅಂತ ಅದರಿಂದಲೇ ತಿಳಿಯುತ್ತದೆ.

ಇಡೀ ಹಂದಿ ನಮ್ಮ ಓವನ್‌ಗೆ ಹಿಡಿಸುವುದಿಲ್ಲ. ಮನೆಯಲ್ಲಿ ಮಾಡುವಾಗ ಅವರೂ ತೊಡೆ ಅಥವಾ ಭುಜದ ಭಾಗವನ್ನೇ ತರುತ್ತಾರೆ. ನಾನು ಭುಜವನ್ನೇ ಹೇಳುತ್ತೇನೆ. ತೊಡೆಯಲ್ಲಿ ಕೊಬ್ಬು ಕಡಿಮೆ, ಬೇಗ ಒಣಗುತ್ತದೆ. ಭುಜದಲ್ಲಿ ಕೊಬ್ಬೂ ಇದೆ, ಗಟ್ಟಿ ಜವೆಯೂ ಇದೆ, ಅಂದರೆ ಮಾಂಸವನ್ನು ಹಿಡಿದಿಡುವ ನಾರಿನಂಥ ಪದರ. ನಿಧಾನದ ಶಾಖಕ್ಕೆ ಆ ಜವೆ ಕರಗಿ ಅಂಟಂಟಾದ ರಸವಾಗುತ್ತದೆ. ಅದೇ ಮಾಂಸವನ್ನು ಒಳಗಿನಿಂದ ತೇವವಾಗಿಡುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು

ನಮ್ಮ ಕಡೆ ಹಂದಿ ಮಾಂಸದ ಅಂಗಡಿಗೆ ಹೋದರೆ ಕೇಳುವ ಮೊದಲೇ ಸಣ್ಣ ತುಂಡು ಮಾಡಿಬಿಡುತ್ತಾರೆ. ಕರಿಗೆ ಅದು ಸರಿ, ರೋಸ್ಟ್‌ಗೆ ಆಗುವುದಿಲ್ಲ. ಹಿಂದಿನ ದಿನವೇ ಹೇಳಿಡಿ: ಮುಂಗಾಲಿನ ಮೇಲಿನ ಭುಜದ ಭಾಗ, ಮೂಳೆ ಸಮೇತ, ಚರ್ಮ ಸಮೇತ, ಒಂದೇ ತುಂಡು, ಎರಡೂವರೆ ಕಿಲೋ. ಚರ್ಮದ ಕೂದಲನ್ನು ಚೆನ್ನಾಗಿ ಸುಟ್ಟು ಕೆರೆದಿರಬೇಕು. ಉಳಿದಿದ್ದರೆ ಮನೆಯಲ್ಲಿ ಗ್ಯಾಸ್ ಉರಿಗೆ ಹಿಡಿದು ಸುಟ್ಟು, ಚಾಕುವಿನಿಂದ ಕೆರೆದು ತೆಗೆಯಬಹುದು. ಹೋಗುವ ಮುಂಚೆ ಟೇಪ್ ಹಿಡಿದು ನಿಮ್ಮ ಓವನ್ ಅಳೆದುಕೊಳ್ಳಿ. 30 ಲೀಟರ್‌ಗಿಂತ ಚಿಕ್ಕ ಓಟಿಜಿ (ಕಟ್ಟೆ ಮೇಲಿಡುವ ಕರೆಂಟ್ ಓವನ್) ಆದರೆ ಎರಡು ಕಿಲೋ ಒಳಗೇ ತನ್ನಿ. ಮಾಂಸದ ಮೇಲ್ಭಾಗಕ್ಕೂ ಮೇಲಿನ ಕಾಯಿಲ್‌ಗೂ ನಡುವೆ ಒಂದು ಗೇಣಾದರೂ ಜಾಗ ಇರಬೇಕು.

ಇನ್ನೊಂದು ಖರ್ಚು ಮಾಡಿ: ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್. ಗಡಿಯಾರ ನಂಬಿ ಈ ಅಡುಗೆ ಮಾಡಲಾಗುವುದಿಲ್ಲ.

ಮೊಹೊ: ಎಲ್ಲ ರುಚಿಯೂ ಇದರಲ್ಲೇ

ಮೊಹೊ ಅಂದರೆ ಬೆಳ್ಳುಳ್ಳಿ, ಹುಳಿ ಕಿತ್ತಳೆ ರಸ, ಎಣ್ಣೆ ಸೇರಿದ ರಸ. ಕ್ಯಾನರಿ ದ್ವೀಪಗಳಿಂದ ಕ್ಯೂಬಾಕ್ಕೆ ಹೋಗಿ ನೆಲೆಸಿದವರ ಜೊತೆ ಈ ಹೆಸರೂ ಹೋಯಿತು. ಎರಡೂವರೆ ಕಿಲೋ ಮಾಂಸಕ್ಕೆ ಬೇಕಾದದ್ದು ಇಷ್ಟು:

ಸುಲಿದ ಬೆಳ್ಳುಳ್ಳಿ 90 ಗ್ರಾಂ
ಪುಡಿ ಉಪ್ಪು 35 ಗ್ರಾಂ, ಸುಮಾರು ಎರಡು ಟೇಬಲ್ ಚಮಚ
ಹುಳಿ ಕಿತ್ತಳೆ ರಸ 240 ಮಿಲಿ
ಜೀರಿಗೆ ಎರಡು ಟೀ ಚಮಚ
ಒಣ ಒರೆಗಾನೊ ಒಂದು ಟೇಬಲ್ ಚಮಚ
ಕರಿಮೆಣಸು ಒಂದು ಟೀ ಚಮಚ
ಎಣ್ಣೆ 60 ಮಿಲಿ
ಈರುಳ್ಳಿ ಎರಡು, ದಪ್ಪ ಬಿಲ್ಲೆಗಳಾಗಿ

ಕೊನೆಗೆ ಮಾಡುವ ಎರಡನೇ ಮೊಹೊಗೆ ಬೇರೆಯಾಗಿ 30 ಗ್ರಾಂ ಬೆಳ್ಳುಳ್ಳಿ, 100 ಮಿಲಿ ರಸ, 80 ಮಿಲಿ ಎಣ್ಣೆ ಎತ್ತಿಡಿ.

ಪಟ್ಟಿಯಲ್ಲಿ ಹಸಿಮೆಣಸಿನಕಾಯಿ ಇಲ್ಲ, ಗರಂ ಮಸಾಲೆ ಇಲ್ಲ, ಶುಂಠಿ ಇಲ್ಲ. ಕೈ ಹೋಗುತ್ತದೆ, ಗೊತ್ತು. ದಯವಿಟ್ಟು ಹಾಕಬೇಡಿ. ಕ್ಯೂಬಾದ ಮನೆ ಅಡುಗೆ ಖಾರದ್ದಲ್ಲ. ಬೆಳ್ಳುಳ್ಳಿ ಜಾಸ್ತಿ, ಹುಳಿ ಜಾಸ್ತಿ, ಜೀರಿಗೆ ಹಿತವಾಗಿ. ಒಮ್ಮೆ ಹಾಗೇ ಮಾಡಿ ನೋಡಿ. ಖಾರ ಬೇಕಾದವರು ತಟ್ಟೆಯ ಪಕ್ಕ ಏನಾದರೂ ಇಟ್ಟುಕೊಳ್ಳಲಿ.

ಈಗ ಆ ಹುಳಿ ಕಿತ್ತಳೆಯ ವಿಷಯ. ಸ್ಪ್ಯಾನಿಷ್‌ನಲ್ಲಿ ನರಾನ್ಹಾ ಆಗ್ರಿಯಾ. ಸಿಪ್ಪೆ ಒರಟು, ರಸ ಹುಳಿ, ಹಿಂದೆ ಸಣ್ಣ ಕಹಿ. ಸಂಸ್ಕೃತದ ನಾರಂಗ ಪರ್ಷಿಯನ್‌ನಲ್ಲಿ ನಾರಂಗ್ ಆಗಿ, ಅರಬ್ಬಿಯಲ್ಲಿ ನಾರಂಜ್ ಆಗಿ, ಸ್ಪೇನ್‌ನಲ್ಲಿ ನರಾನ್ಹಾ ಆಯಿತು. ಹಣ್ಣೂ ಅದೇ ದಾರಿ ಹಿಡಿದು ಏಷ್ಯಾದಿಂದ ಹೋದದ್ದು. ಕೊಲಂಬಸ್ 1493ರ ಎರಡನೇ ಯಾನದಲ್ಲಿ ಕಿತ್ತಳೆ ಬೀಜವನ್ನೂ ಹಂದಿಗಳನ್ನೂ ಕೆರಿಬಿಯನ್ ದ್ವೀಪಗಳಿಗೆ ಒಯ್ದ. ಅಂದರೆ ಈ ಅಡುಗೆಯ ಎರಡು ಮುಖ್ಯ ಸಾಮಾನುಗಳು ಅಲ್ಲಿಗೆ ಹೋದದ್ದು ಒಂದೇ ಹಡಗುಪಡೆಯಲ್ಲಿ.

ಮಾರುಕಟ್ಟೆಯಲ್ಲಿ ಆ ಹಣ್ಣೇ ಸಿಗದಿದ್ದರೆ ಎರಡು ದಾರಿ ಇವೆ. ಹೊರದೇಶದಲ್ಲಿರುವ ಕ್ಯೂಬನ್ನರೇ ಮಾಡುವುದು ಮೊದಲನೆಯದು: ಎರಡು ಪಾಲು ಕಿತ್ತಳೆ ರಸಕ್ಕೆ ಒಂದು ಪಾಲು ನಿಂಬೆ ರಸ. ಇಲ್ಲಿಯ ಲೆಕ್ಕಕ್ಕೆ 160 ಮಿಲಿ ಮತ್ತು 80 ಮಿಲಿ. ಇನ್ನೊಂದು ನಾನು ಮೈಸೂರಿಗೆ ಬಂದ ಮೇಲೆ ಹಿಡಿದದ್ದು: ಅರ್ಧ ಹೇರಳೆಕಾಯಿ ರಸ, ಅರ್ಧ ಕಿತ್ತಳೆ ರಸ. ಚಿತ್ರಾನ್ನಕ್ಕೆ ಹಿಂಡುವ ಹೇರಳೆಯಲ್ಲಿ ಆ ಸಣ್ಣ ಕಹಿ ಇದೆ. ನಿಂಬೆಗೆ ಅದಿಲ್ಲ. ನನಗೆ ಇದೇ ಹೆಚ್ಚು ಹಿಡಿಸಿತು. ಡಬ್ಬದ ಕಿತ್ತಳೆ ಜ್ಯೂಸ್ ಮಾತ್ರ ಬೇಡ. ಅದರ ಸಕ್ಕರೆ ಓವನ್‌ನಲ್ಲಿ ಸೀದು ಕಪ್ಪಾಗುತ್ತದೆ.

ಒರೆಗಾನೊ ಈಗ ಎಲ್ಲ ಕಡೆ ಸಿಗುತ್ತದೆ. ಹಿತ್ತಲಲ್ಲಿ ದೊಡ್ಡಪತ್ರೆ ಇದ್ದರೆ ಅದೂ ಆಗುತ್ತದೆ. ನಾವು ತಂಬುಳಿ ಮಾಡುವ ಈ ಸೊಪ್ಪನ್ನು ಇಂಗ್ಲಿಷ್‌ನಲ್ಲಿ ಕರೆಯುವುದೇ ಕ್ಯೂಬನ್ ಒರೆಗಾನೊ ಅಂತ! ಐದಾರು ಎಲೆ ಸಾಕು. ಜಾಸ್ತಿ ಆದರೆ ಕಷಾಯದ ವಾಸನೆ ಬರುತ್ತದೆ.

ಜೀರಿಗೆಯನ್ನು ಎಣ್ಣೆ ಇಲ್ಲದೆ ಬೆಚ್ಚಗೆ ಹುರಿದು ಪುಡಿ ಮಾಡಿ. ಬೆಳ್ಳುಳ್ಳಿಯನ್ನು ಉಪ್ಪಿನ ಜೊತೆ ಕುಟ್ಟಾಣಿಯಲ್ಲಿ ಕುಟ್ಟಿ. ಮಿಕ್ಸಿಯಲ್ಲಿ ನುಣ್ಣಗೆ ತಿರುವಿದರೆ ಘಾಟು ಜಾಸ್ತಿ, ಕೆಲವೊಮ್ಮೆ ಕಹಿಯೂ ಬರುತ್ತದೆ. ಉಪ್ಪು ಬೆಳ್ಳುಳ್ಳಿಯನ್ನು ಅರೆಯುವ ಮರಳಿನಂತೆ ಕೆಲಸ ಮಾಡುತ್ತದೆ, ಹತ್ತು ನಿಮಿಷದಲ್ಲಿ ತರಿತರಿ ಮುದ್ದೆ ಸಿಗುತ್ತದೆ. ಅದಕ್ಕೆ ಜೀರಿಗೆ, ಮೆಣಸು, ಒರೆಗಾನೊ, ಎಣ್ಣೆ ಸೇರಿಸಿ. ರಸವನ್ನು ಈಗಲೇ ಬೆರೆಸಬೇಡಿ.

ಹಿಂದಿನ ದಿನದ ಕೆಲಸ

ಹುಳಿಯ ಬಗ್ಗೆ ಒಂದು ಮಾತು ತಿಳಿದಿರಬೇಕು. ರಾತ್ರಿಯಿಡೀ ನೆನೆಸಿದರೂ ಹುಳಿ, ಬೆಳ್ಳುಳ್ಳಿಗಳ ರುಚಿ ಮಾಂಸದೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಉಪ್ಪು ಮಾತ್ರ ನಿಧಾನಕ್ಕೆ ಆಳಕ್ಕೆ ಹೋಗುತ್ತದೆ. ಹಾಗಾಗಿ ಸುಮ್ನೆ ಮೇಲೆ ಸವರಿಟ್ಟರೆ ಸಾಲದು. ನಾವೇ ಒಳಗೆ ದಾರಿ ಮಾಡಬೇಕು.

ಮೊದಲು ಚರ್ಮ. ಹರಿತವಾದ ಚಾಕುವಿನಿಂದ ಚೌಕ ಚೌಕವಾಗಿ ಗೀರಿ. ಚರ್ಮ ಮತ್ತು ಕೊಬ್ಬು ಕತ್ತರಿಸಬೇಕು, ಮಾಂಸಕ್ಕೆ ತಾಗಬಾರದು. ಆಮೇಲೆ ತುಂಡನ್ನು ತಿರುಗಿಸಿ. ಮಾಂಸದ ಕಡೆಯಿಂದ, ಪಕ್ಕಗಳಿಂದ, ಹನ್ನೆರಡು ಹದಿನೈದು ಕಡೆ ಚಾಕುವಿನ ಮೊನೆ ಇಳಿಸಿ, ನಾಲ್ಕೈದು ಸೆಂಟಿಮೀಟರ್ ಆಳಕ್ಕೆ. ಪ್ರತಿ ತೂತಿಗೂ ಬೆಳ್ಳುಳ್ಳಿ ಮುದ್ದೆಯನ್ನು ಬೆರಳಿನಿಂದ ತುಂಬಿ ಒತ್ತಿ. ಮೂಳೆಯ ಸುತ್ತ ಮರೆಯಬೇಡಿ. ಉಳಿದದ್ದನ್ನು ಮಾಂಸಕ್ಕೆಲ್ಲ ತಿಕ್ಕಿ. ಚರ್ಮಕ್ಕೆ ಮಸಾಲೆ ಹಚ್ಚಬೇಡಿ. ಅಲ್ಲಿ ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ. ಚರ್ಮಕ್ಕೆ ಬರೀ ಒಂದು ಚಿಟಿಕೆ ಉಪ್ಪು.

ಗಾಜಿನ ಅಥವಾ ಸ್ಟೀಲಿನ ಪಾತ್ರೆ ತಗೊಳ್ಳಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಹುಳಿಗೆ ಆಗಿಬರುವುದಿಲ್ಲ. ಈರುಳ್ಳಿ ಬಿಲ್ಲೆ ಹಾಸಿ, ಚರ್ಮ ಮೇಲೆ ಬರುವಂತೆ ಮಾಂಸ ಇಟ್ಟು, ರಸವನ್ನು ಪಕ್ಕದಿಂದ ಸುರಿಯಿರಿ. ಚರ್ಮ ರಸದಲ್ಲಿ ಮುಳುಗಬಾರದು. ಮುಚ್ಚಿ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿಡಿ. ಆಗ ಸೋರಿದರೂ ಬೇರೆ ಆಹಾರದ ಮೇಲೆ ಬೀಳುವುದಿಲ್ಲ. 12 ಗಂಟೆ ಕನಿಷ್ಠ, 24 ಗಂಟೆ ಒಳ್ಳೆಯದು. ಎರಡು ದಿನ ದಾಟಿಸಬೇಡಿ. ಹುಳಿಗೆ ಹೊರಪದರ ಹಿಟ್ಟುಹಿಟ್ಟಾಗುತ್ತದೆ. ನಡುವೆ ಎರಡು ಮೂರು ಸಲ ರಸವನ್ನು ಚಮಚದಿಂದ ಪಕ್ಕಗಳಿಗೆ ಎರೆಯಿರಿ.

ಕೊನೆಯ ಏಳೆಂಟು ಗಂಟೆ ಮುಚ್ಚಳ ತೆಗೆದು, ಚರ್ಮವನ್ನು ಬಟ್ಟೆಯಿಂದ ಒರೆಸಿ ಹಾಗೇ ಬಿಡಿ. ಫ್ರಿಜ್‌ನ ಒಣ ಗಾಳಿಗೆ ಚರ್ಮ ಒಣಗುತ್ತದೆ. ಒಣಗಿದ ಚರ್ಮವೇ ಕೊನೆಗೆ ಗರಿಗರಿ ಆಗುವುದು. ಫ್ರಿಜ್ ತುಂಬ ಬೆಳ್ಳುಳ್ಳಿ ವಾಸನೆ ಬರುತ್ತದೆ. ಹಾಲು, ಬೆಣ್ಣೆ ಮುಚ್ಚಿಡಿ.

ಓವನ್‌ಗೆ ಇಡುವುದು

ಹೊರಗೆ ತೆಗೆದು ಮುಕ್ಕಾಲು ಗಂಟೆ ಬಿಡಿ. ಓವನ್ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮೇಲೆ ಕೆಳಗೆ ಎರಡೂ ಕಾಯಿಲ್ ಹಾಕಿ. ಓಟಿಜಿಗಳ ಡಯಲ್ ನಂಬುವಂತಿಲ್ಲ. ನನ್ನದು 150 ಅಂದರೆ 175 ಇರುತ್ತಿತ್ತು. ಒಳಗಿಡುವ ಚಿಕ್ಕ ಓವನ್ ಥರ್ಮಾಮೀಟರ್ ಇದ್ದರೆ ನಿಜ ತಿಳಿಯುತ್ತದೆ.

ಆಳವಾದ ಟ್ರೇಯಲ್ಲಿ ಈರುಳ್ಳಿ ಹಾಸಿ, ಅದರ ಮೇಲೆ ಮಾಂಸ, ಚರ್ಮ ಮೇಲೆ. ನೆನೆಸಿದ ರಸವನ್ನೂ ಒಂದು ಕಪ್ ನೀರನ್ನೂ ಟ್ರೇಗೆ ಹಾಕಿ. ಫಾಯಿಲ್‌ನಿಂದ ಅಂಚು ಬಿಗಿಯಾಗಿ ಮುಚ್ಚಿ. ಹೊರಗೆ ಚಾಚಿಕೊಂಡ ಫಾಯಿಲ್ ಕಾಯಿಲ್‌ಗೆ ತಾಗಬಾರದು. ಮೂರು ಗಂಟೆ ಹಾಗೇ ಬಿಡಿ. ಬಾಗಿಲು ತೆಗೆದು ನೋಡುವ ಆಸೆ ಆಗುತ್ತದೆ. ಪ್ರತಿ ಸಲ ತೆಗೆದಾಗಲೂ ಶಾಖ ಬಿದ್ದುಹೋಗುತ್ತದೆ.

ಮೂರು ಗಂಟೆಗೆ ಫಾಯಿಲ್ ತೆಗೆಯಿರಿ. ಬಿಸಿ ಹಬೆ ಮುಖಕ್ಕೆ ಬಡಿಯದಂತೆ ಆಚೆ ಕಡೆಯ ಅಂಚಿನಿಂದ ಬಿಚ್ಚಿ. ಇನ್ನು ಮುಚ್ಚದೆ ಒಂದೂವರೆಯಿಂದ ಎರಡೂವರೆ ಗಂಟೆ. ಅರ್ಧ ಗಂಟೆಗೊಮ್ಮೆ ಟ್ರೇಯ ರಸವನ್ನು ಪಕ್ಕಗಳಿಗೆ ಎರೆಯಿರಿ, ಚರ್ಮಕ್ಕಲ್ಲ. ಟ್ರೇ ಒಣಗುತ್ತಿದ್ದರೆ ಬಿಸಿನೀರು ಸ್ವಲ್ಪ ಹಾಕಿ.

ಇಲ್ಲೊಂದು ಘಟ್ಟ ಬರುತ್ತದೆ. ಮೊದಲ ಸಲ ಮಾಡುವವರು ಇಲ್ಲೇ ಕಂಗಾಲಾಗುವುದು. ಒಳಗಿನ ಶಾಖ ಚೆನ್ನಾಗಿ ಏರುತ್ತಾ ಬಂದು, ಫಾಯಿಲ್ ತೆಗೆದ ಮೇಲೆ ನಿಂತೇಬಿಟ್ಟಂತೆ ಕಾಣಬಹುದು. ಓವನ್ ಕೆಟ್ಟಿಲ್ಲ. ಮಾಂಸದ ನೀರು ಮೇಲ್ಮೈಯಲ್ಲಿ ಆವಿಯಾಗುತ್ತಿದೆ. ಬೆವರು ಮೈಯನ್ನು ತಂಪು ಮಾಡಿದ ಹಾಗೆ ಅದು ಮಾಂಸವನ್ನು ತಂಪು ಮಾಡುತ್ತಿದೆ. ಶಾಖ ಏರಿಸಿ ಅವಸರ ಮಾಡಿದರೆ ಹೊರಗೆ ಒಣಗಿ ಒಳಗೆ ಗಟ್ಟಿ ಉಳಿಯುತ್ತದೆ. ಕಾಯಿರಿ. ಅಷ್ಟೂ ತಾಳ್ಮೆ ಇಲ್ಲದಿದ್ದರೆ ಮತ್ತೆ ಫಾಯಿಲ್ ಮುಚ್ಚಿ, ಮುಂದೆ ಸಾಗುತ್ತದೆ.

ಎಷ್ಟಕ್ಕೆ ಇಳಿಸಬೇಕು? ಹಂದಿ ಮಾಂಸದ ದೊಡ್ಡ ತುಂಡು 63 ಡಿಗ್ರಿ ಮುಟ್ಟಿ ಮೂರು ನಿಮಿಷ ನಿಂತರೆ ತಿನ್ನಬಹುದು ಅನ್ನುತ್ತದೆ ಅಮೆರಿಕದ ಸರ್ಕಾರಿ ಸೂಚನೆ. ಆದರೆ ಆ ಶಾಖದಲ್ಲಿ ಭುಜ ರಬ್ಬರಿನಂತಿರುತ್ತದೆ. ಜವೆ ಕರಗಲು ಶಾಖ ಅದಕ್ಕಿಂತ ಮೇಲೇರಿ ಬಹಳ ಹೊತ್ತು ನಿಲ್ಲಬೇಕು. ನಮಗೆ ಬೇಕಾದದ್ದು ನಡುಭಾಗದಲ್ಲಿ 92ರಿಂದ 95. ಥರ್ಮಾಮೀಟರ್ ಮೂಳೆಗೆ ತಾಗದಂತೆ ಚುಚ್ಚಿ, ಎರಡು ಮೂರು ಕಡೆ ನೋಡಿ. ಹಂದಿ ಮಾಂಸದಲ್ಲಿ ಹುಳು ಇರುತ್ತದೆ ಅಂತ ಹೆದರುವವರಿಗೂ ಇದೇ ಉತ್ತರ. ಇಷ್ಟು ಶಾಖದಲ್ಲಿ, ಇಷ್ಟು ಹೊತ್ತು ಬೆಂದರೆ ಅವು ಉಳಿಯುವುದಿಲ್ಲ. ಕೈಯ ಪರೀಕ್ಷೆಯೂ ಇದೆ. ಮೂಳೆಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ. ಹೊಯ್ದಾಡಿದರೆ ಆಯಿತು. ಬಿಗಿಯಾಗಿದ್ದರೆ ಇನ್ನೂ ಅರ್ಧ ಗಂಟೆ.

ಈಗ ಚರ್ಮ. ಓವನ್ 230 ಡಿಗ್ರಿಗೆ ಏರಿಸಿ, 15ರಿಂದ 20 ನಿಮಿಷ. ಇಲ್ಲಿ ಮಾತ್ರ ಪಕ್ಕದಿಂದ ಏಳಬೇಡಿ. ಚರ್ಮ ಗುಳ್ಳೆ ಗುಳ್ಳೆಯಾಗಿ ಉಬ್ಬುತ್ತದೆ, ಚಟಚಟ ಸದ್ದು ಬರುತ್ತದೆ. ಒಂದು ಕಡೆ ಬೇಗ ಕಂದಾದರೆ ಅಲ್ಲಿಗೆ ಚಿಕ್ಕ ಫಾಯಿಲ್ ತುಂಡು ಮುಚ್ಚಿ. ಕ್ಯೂಬಾದ ಮನೆಗಳಲ್ಲಿ ಈ ಗರಿಗರಿ ಚರ್ಮಕ್ಕೆ ಮಕ್ಕಳು ಮುಗಿಬೀಳುತ್ತಾರೆ, ದೊಡ್ಡವರೂ ಅಷ್ಟೇ. ಹೊರಗೆ ತೆಗೆದು 30 ನಿಮಿಷ ಬಿಡಿ. ಮುಚ್ಚಬೇಡಿ, ಹಬೆಗೆ ಚರ್ಮ ಮೆತ್ತಗಾಗುತ್ತದೆ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ, ಕೆಳಗೆ ತವಾ ಇಟ್ಟು, ಬಿರಿಯಾನಿ ದಮ್‌ನಂತೆ ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬೇಯಿಸಬಹುದು. ಮಾಂಸ ಸೊಗಸಾಗಿ ಬರುತ್ತದೆ. ಚರ್ಮ ಗರಿ ಆಗುವುದಿಲ್ಲ. ಅದನ್ನು ಕೊನೆಗೆ ಬಿಡಿಸಿ, ಚೆನ್ನಾಗಿ ಒರೆಸಿ, ಬಾಣಲೆಯಲ್ಲಿ ಮುಚ್ಚಳ ಹಿಡಿದುಕೊಂಡೇ ಹುರಿಯಬೇಕು, ಎಣ್ಣೆ ಜೋರಾಗಿ ಸಿಡಿಯುತ್ತದೆ.

ಎರಡನೇ ಹುಳಿ

ಮಾಂಸ ತಣಿಯುವ ಆ ಅರ್ಧ ಗಂಟೆಯಲ್ಲಿ ಇದನ್ನು ಮಾಡಿ. ಎತ್ತಿಟ್ಟ 30 ಗ್ರಾಂ ಬೆಳ್ಳುಳ್ಳಿಯನ್ನು ಅರ್ಧ ಟೀ ಚಮಚ ಉಪ್ಪಿನ ಜೊತೆ ಕುಟ್ಟಿ ಸ್ಟೀಲ್ ಬಟ್ಟಲಿಗೆ ಹಾಕಿ. 80 ಮಿಲಿ ಎಣ್ಣೆ ಕಾಯಿಸಿ. ಹೊಗೆಯಾಡಬಾರದು, ಒಂದು ಚೂರು ಬೆಳ್ಳುಳ್ಳಿ ಬಿಟ್ಟರೆ ಚುಂಯ್ ಅನ್ನಬೇಕು. ಆ ಎಣ್ಣೆಯನ್ನು ಬೆಳ್ಳುಳ್ಳಿ ಮೇಲೆ ಸುರಿಯಿರಿ. ನಮ್ಮ ಒಗ್ಗರಣೆಯಂತೆ ಕಂದು ಬಣ್ಣಕ್ಕೆ ಹೋಗಬಾರದು. ಹಸಿ ಘಾಟು ಮುರಿದು ಬೆಳ್ಳಗೇ ಇರಬೇಕು. ಮೂರು ನಿಮಿಷ ಆರಲು ಬಿಟ್ಟು ರಸ ಸೇರಿಸಿ. ಕುದಿಯುವ ಎಣ್ಣೆಗೆ ರಸ ಹಾಕಿದರೆ ಮೈಮೇಲೆ ಚಿಮ್ಮುತ್ತದೆ, ಆದ್ದರಿಂದ ಈ ಮೂರು ನಿಮಿಷ ಬಿಡಲೇಬೇಕು. ಒಂದು ಚಿಟಿಕೆ ಜೀರಿಗೆ ಪುಡಿ ಉದುರಿಸಿ.

ಟ್ರೇಯ ರಸವನ್ನು ಸೋಸಿ, ಮೇಲಿನ ಕೊಬ್ಬು ತೆಗೆದು, ಐದು ನಿಮಿಷ ಕುದಿಸಿ ಇಟ್ಟುಕೊಳ್ಳಿ. ಚರ್ಮವನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಡಿ. ಮಾಂಸವನ್ನು ಎರಡು ಫೋರ್ಕ್‌ನಿಂದ ದಪ್ಪ ದಪ್ಪ ಎಳೆಗಳಾಗಿ ಬಿಡಿಸಿ. ತೀರಾ ನೂಲಿನಂತೆ ಬೇಡ. ಟ್ರೇ ರಸ ಸ್ವಲ್ಪ ಬೆರೆಸಿ, ರುಚಿ ನೋಡಿ ಉಪ್ಪು ಸರಿಮಾಡಿ. ಆಮೇಲೆ ಹೊಸ ಮೊಹೊವನ್ನು ಮೇಲೆ ಸುರಿಯಿರಿ. ಬಿಸಿ ಮಾಂಸಕ್ಕೆ ಹಸಿ ಹುಳಿ ಬಿದ್ದಾಗ ಏಳುವ ಘಮಕ್ಕಾಗಿಯೇ ನಿನ್ನೆಯಿಂದ ಇಷ್ಟೆಲ್ಲ ಮಾಡಿದ್ದು.

ಮೊಹೊ ಉಳಿದರೆ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಎಣ್ಣೆಯಲ್ಲಿರುವ ಹಸಿ ಬೆಳ್ಳುಳ್ಳಿಯನ್ನು ಹೊರಗೆ ಇಡುವುದು ಅಪಾಯ.

ಜೊತೆಗೆ ಏನು

ಅನ್ನ ಮತ್ತು ಕಪ್ಪು ಬೀನ್ಸ್ ಮಾಮೂಲು. ಪೂರ್ವ ಕ್ಯೂಬಾದಲ್ಲಿ ಕೆಂಪು ಬೀನ್ಸನ್ನು ಅನ್ನದೊಂದಿಗೇ ಬೇಯಿಸಿ ಕೊಂಗ್ರಿ ಅನ್ನುತ್ತಾರೆ. ನಮ್ಮ ರಾಜ್ಮಾದಲ್ಲಿ ಅದು ಚೆನ್ನಾಗಿ ಆಗುತ್ತದೆ. ಇನ್ನೊಂದು ಮರಗೆಣಸು. ಸಿಪ್ಪೆ ಸುಲಿದು ಉಪ್ಪು ನೀರಿನಲ್ಲಿ ಬಾಯಿ ಬಿಡುವವರೆಗೆ ಬೇಯಿಸಿ, ನೀರು ಚೆಲ್ಲಿ, ನಡುವಿನ ನಾರು ತೆಗೆದು, ಮೇಲೆ ಇದೇ ಮೊಹೊ ಸುರಿಯುವುದು. ನನ್ನ ಮಟ್ಟಿಗೆ ಮಾಂಸದಷ್ಟೇ ರುಚಿ ಇದು. ಮಾಂಸ ತಿನ್ನದವರು ಮನೆಯಲ್ಲಿದ್ದರೆ ಅವರಿಗೂ ಊಟ ಆಯಿತು. ಬಾಳೆಕಾಯಿಯನ್ನು ದಪ್ಪ ತುಂಡು ಮಾಡಿ ಕರಿದು, ಬಟ್ಟಲಿನ ತಳದಿಂದ ಚಪ್ಪಟೆ ಒತ್ತಿ, ಮತ್ತೊಮ್ಮೆ ಕರಿದರೆ ತೊಸ್ತೋನೆಸ್.

ಉಳಿದ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ನಾಲ್ಕು ದಿನ ಇರುತ್ತದೆ. ಮಾರನೇ ದಿನ ಕ್ಯೂಬನ್ ಸ್ಯಾಂಡ್‌ವಿಚ್ ಮಾಡಿ. ಉದ್ದನೆಯ ಮೆತ್ತಗಿನ ಬ್ರೆಡ್ಡನ್ನು ಸೀಳಿ, ಸಾಸಿವೆ ಸಾಸ್ ಹಚ್ಚಿ, ಈ ಮಾಂಸ, ಹ್ಯಾಮ್, ಸ್ವಿಸ್ ಚೀಸ್, ಉಪ್ಪುನೀರಿನ ಸೌತೆಕಾಯಿ ಇಡಿ. ಮಯಾಮಿ ಇರುವ ಫ್ಲೋರಿಡಾದಲ್ಲೇ ಇರುವ ಟ್ಯಾಂಪಾ ಊರಿನವರು ಸಲಾಮಿಯನ್ನೂ ಸೇರಿಸುತ್ತಾರೆ, ಮಯಾಮಿಯವರು ಒಪ್ಪುವುದಿಲ್ಲ. ಹೊರಗೆ ಬೆಣ್ಣೆ ಸವರಿ ತವಾ ಮೇಲಿಟ್ಟು, ಮೇಲೆ ಇನ್ನೊಂದು ಭಾರದ ಕಾವಲಿ ಹೇರಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಕಾಯಿಸಿ. ಚೀಸ್ ಕರಗಿ ಅಂಚಿನಲ್ಲಿ ಇಣುಕಿದಾಗ ಇಳಿಸಿ, ಓರೆಯಾಗಿ ಕತ್ತರಿಸಿ, ಬಿಸಿ ಇರುವಾಗಲೇ ತಿನ್ನಿ.